ಹಿಮಕರಡಿ ಮತ್ತು ಆಕ್ಸೊಲಾಟಲ್: ಎರಡಕ್ಕೂ "ಅಳಿವಿನಂಚಿನಲ್ಲಿದೆ" ಎಂದು ಬರೆದರೆ ಸಾಕಾ?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿ. ಒಂದಕ್ಕೊಂದು ಸಂಬಂಧವೇ ಕಾಣದ ಎರಡು ಪ್ರಾಣಿಗಳನ್ನು ಆರಿಸಿಕೊಂಡು, ವರ್ಗೀಕರಣ, ನೆಲೆ, ಸಂರಕ್ಷಣೆಯ ಸ್ಥಿತಿ ಈ ಮೂರರಲ್ಲಿ ಹೋಲಿಸಿ ಬರೆಯಬೇಕಂತೆ. ಅವಳು ಹಿಮಕರಡಿ ಮತ್ತು ಆಕ್ಸೊಲಾಟಲ್ ಆರಿಸಿದ್ದಾಳೆ. ಎರಡನೆಯದು ಅವಳಿಗೆ ಗೊತ್ತಾಗಿದ್ದು ಮೈನ್‌ಕ್ರಾಫ್ಟ್ ಆಟದಿಂದ. ಅದು ಆಟಕ್ಕೆಂದೇ ಯಾರೋ ಕಲ್ಪಿಸಿಕೊಂಡ ಪ್ರಾಣಿ ಅಂತ ನಾನು ಅಂದುಕೊಂಡಿದ್ದೆ. ಅದು ಮೆಕ್ಸಿಕೊದ ನೀರಿನಲ್ಲಿ ಬದುಕುವ, ಹಲ್ಲಿಯಂಥ ಮೈಯ ಉಭಯವಾಸಿ, ನಿಜವಾಗಿಯೂ ಇದೆ ಎಂದು ತಿಳಿದಾಗ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕುಳಿತು ಓದಿದೆವು.

ತೊಂದರೆ ಆಗಿದ್ದು ಮೂರನೇ ಸಾಲಿನಲ್ಲಿ. ಎರಡರ ಮುಂದೆಯೂ "ಅಳಿವಿನಂಚಿನಲ್ಲಿದೆ" ಎಂದು ಬರೆದಿದ್ದಳು. ಟೀಚರ್ ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದ್ದಾರೆ. "ಎರಡೂ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲೇ ಇವೆ ಅಮ್ಮ, ಅಂದರೆ ಅಪಾಯ ಸಮ ಅಲ್ವಾ?" ಎಂದು ಕೇಳುತ್ತಾಳೆ. ನನಗೆ ಉತ್ತರ ತಿಳಿಯಲಿಲ್ಲ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಜೀವಶಾಸ್ತ್ರದ ಮೇಷ್ಟ್ರು:
ಒಳ್ಳೆಯ ಜೋಡಿ ಆರಿಸಿದ್ದಾಳೆ, ಅವಳಿಗೆ ನನ್ನ ಶಹಬ್ಬಾಸ್ ಹೇಳಿಬಿಡಿ ಅಮ್ಮ. ಸ್ಥಿತಿಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ವರ್ಗೀಕರಣ.

ಸಾಮ್ರಾಜ್ಯ ಒಂದೇ, ಪ್ರಾಣಿಗಳದ್ದು. ವಂಶವೂ ಒಂದೇ, ಕಾರ್ಡೇಟಾ. ಎರಡಕ್ಕೂ ಬೆನ್ನುಮೂಳೆ ಇದೆ. ದಾರಿ ಕವಲೊಡೆಯುವುದು ವರ್ಗದಲ್ಲಿ. ಕರಡಿ ಸಸ್ತನಿ, ಆಕ್ಸೊಲಾಟಲ್ ಉಭಯವಾಸಿ. ಅಲ್ಲಿಂದ ಕೆಳಗೆ ಕರಡಿಯದು ಕಾರ್ನಿವೊರಾ ಗಣ, ಉರ್ಸಿಡೇ ಕುಟುಂಬ, ಉರ್ಸುಸ್ ಮಾರಿಟಿಮಸ್ ಎಂಬ ಹೆಸರು. ಆ ಹೆಸರಿನ ಅರ್ಥವೇ ಕಡಲ ಕರಡಿ. ಆಕ್ಸೊಲಾಟಲ್‌ನದು ಯುರೊಡೆಲಾ ಗಣ, ಅಂದರೆ ಬಾಲ ಉಳಿಸಿಕೊಂಡ ಉಭಯವಾಸಿಗಳು. ಕುಟುಂಬ ಆಂಬಿಸ್ಟೊಮಾಟಿಡೇ, ಹೆಸರು ಆಂಬಿಸ್ಟೊಮಾ ಮೆಕ್ಸಿಕಾನಮ್. ಕಪ್ಪೆಗೆ ದೂರದ ನೆಂಟ. ಹಲ್ಲಿಯಂತೆ ಕಾಣುವ, ಬಾಲ ಇರುವ ಉಭಯವಾಸಿಗಳನ್ನು ಸಾಲಮಾಂಡರ್ ಎನ್ನುತ್ತಾರೆ, ಇದೂ ಅವುಗಳಲ್ಲೇ ಒಂದು.

ಇಷ್ಟನ್ನು ಯಾವ ಪುಸ್ತಕದಿಂದಲಾದರೂ ನಕಲು ಮಾಡಬಹುದು. ನಾನು ತರಗತಿಯಲ್ಲಿ ಇಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಆಕ್ಸೊಲಾಟಲ್ ವಿಜ್ಞಾನಿಗಳನ್ನು ಹೇಗೆ ಸತಾಯಿಸಿತು ಎನ್ನುವುದನ್ನು ಮಗು ಬರೆಯಲಿ. ಗೊದಮೊಟ್ಟೆ ಗೊತ್ತಲ್ಲ? ನೀರಿನಲ್ಲಿ ಕಿವಿರಿನಿಂದ ಉಸಿರಾಡಿ, ದೊಡ್ಡದಾದ ಮೇಲೆ ಕಿವಿರು ಕಳೆದುಕೊಂಡು ದಡ ಹತ್ತುತ್ತದೆ. ಆಕ್ಸೊಲಾಟಲ್ ದಡ ಹತ್ತುವುದೇ ಇಲ್ಲ. ತಲೆಯ ಪಕ್ಕದ ಗರಿಯಂಥ ಕಿವಿರುಗಳನ್ನು ಇಟ್ಟುಕೊಂಡೇ ಪ್ರಾಯಕ್ಕೆ ಬರುತ್ತದೆ, ಮೊಟ್ಟೆ ಇಡುತ್ತದೆ. ಹಾಗಾಗಿ ಕ್ಯುವಿಯೇ ಅಂಥ ದೊಡ್ಡ ವಿಜ್ಞಾನಿಗೂ ಇದು ಯಾವುದೋ ಸಾಲಮಾಂಡರ್‌ನ ಮರಿ ಇರಬೇಕು ಅನ್ನಿಸಿತ್ತು. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳು ಪ್ಯಾರಿಸ್‌ಗೆ ಬಂದವು. ಅವುಗಳಲ್ಲಿ ಕೆಲವನ್ನು ಅಲ್ಲಿನ ಪ್ರಾಣಿವಿಜ್ಞಾನಿ ಒಗಸ್ಟ್ ದ್ಯುಮೆರಿಲ್ ಸಾಕಿ ಮರಿ ಮಾಡಿಸಿದರು. ಮರುವರ್ಷ ನೋಡಿದರೆ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲದ ಸಾಲಮಾಂಡರ್ ಆಗಿಬಿಟ್ಟಿದ್ದವು! ಹುಟ್ಟಿಸಿದ ಅಪ್ಪ ಅಮ್ಮ ಇನ್ನೂ ನೀರಿನಲ್ಲೇ ಇದ್ದವು. ಥೈರಾಯ್ಡ್ ಹಾರ್ಮೋನ್ ಕೊಟ್ಟರೆ ಈ ಬದಲಾವಣೆ ಆಗುತ್ತದೆ ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಹೊರಗಿನ ರೂಪ ನೋಡಿ ಪ್ರಾಣಿಯನ್ನು ಯಾವುದೋ ಒಂದು ಗೂಡಿಗೆ ತುರುಕಿದರೆ ಎಡವುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಳ್ಳಿಚುಕ್ಕಿ:
ಮೇಷ್ಟ್ರೇ, ಕರಡಿಯ ಕಡೆಯೂ ಇಂಥದ್ದೊಂದು ಇದೆ. 2006ರಲ್ಲಿ ಕೆನಡಾದ ಉತ್ತರ ತುದಿಯಲ್ಲಿ ಬೇಟೆಗೆ ಸಿಕ್ಕ ಒಂದು ಕರಡಿಯ ಬಿಳಿ ಮೈಯಲ್ಲಿ ಅಲ್ಲಲ್ಲಿ ಕಂದು ಇತ್ತು. ಡಿಎನ್‌ಎ ನೋಡಿದರೆ ತಾಯಿ ಹಿಮಕರಡಿ, ತಂದೆ ಗ್ರಿಜ್ಲಿ, ಅಂದರೆ ಕಂದು ಕರಡಿ. ಎರಡು ಬೇರೆ ಪ್ರಭೇದ, ಆದರೂ ಮಿಶ್ರ ಮರಿ. ಆ ಮಿಶ್ರ ಮರಿಗಳೂ ಮುಂದೆ ಮರಿ ಹಾಕಬಲ್ಲವು. ಪ್ರಭೇದ ಎಂದರೆ ಕಲ್ಲಿನ ಗೋಡೆ ಅಲ್ಲ.

ಕಾಡುಹಾದಿ:
ವರ್ಗೀಕರಣ ಸರಿ. ಸ್ಥಿತಿಯ ಬಗ್ಗೆ ನನಗೂ ಒಂದು ಅನುಮಾನ ಇದೆ, ನೇರವಾಗಿ ಕೇಳುತ್ತೇನೆ. ಹಿಮಕರಡಿಗಳು ಸುಮಾರು 26 ಸಾವಿರ ಇವೆ ಎಂದು ಎಲ್ಲ ಕಡೆ ಓದುತ್ತೇವೆ. ಹಿಂದೆ ಬೇಟೆಯಿಂದ ಕಡಿಮೆಯಾಗಿದ್ದ ಕೆಲವು ಕಡೆ ಮತ್ತೆ ಜಾಸ್ತಿಯೂ ಆಗಿವೆ. ಆಕ್ಸೊಲಾಟಲ್ ಅಂತೂ ಪ್ರಪಂಚದ ಎಲ್ಲ ಪ್ರಯೋಗಾಲಯಗಳಲ್ಲಿ, ಮನೆಯ ಗಾಜಿನ ತೊಟ್ಟಿಗಳಲ್ಲಿ ತುಂಬಿಹೋಗಿದೆ. ಹಾಗಿದ್ದರೆ ಎರಡಕ್ಕೂ ಯಾಕೆ ಇಷ್ಟು ಗಾಬರಿ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಅರ್ಥವಾಗಿಲ್ಲ.

ನೀರ್ಗುಳ್ಳೆ:
ಕಾಡುಹಾದಿ ಅಣ್ಣ, ಆಕ್ಸೊಲಾಟಲ್ ಬಗ್ಗೆ ನಾನು ಹೇಳುತ್ತೇನೆ. ಎರಡು ವರ್ಷ ಅವುಗಳ ಪಕ್ಕದಲ್ಲೇ ಕೆಲಸ ಮಾಡಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಒಂದರ ಮುಂಗಾಲನ್ನು ಇನ್ನೊಂದು ಕಚ್ಚಿ ತೆಗೆದಿತ್ತು. ಮರಿಗಳನ್ನು ಒಟ್ಟಿಗೆ ಬಿಟ್ಟರೆ ಹೀಗೆ ಆಗುತ್ತದೆ. ಅದನ್ನು ಬೇರೆ ತೊಟ್ಟಿಗೆ ಹಾಕಿ ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಗಾಯ ಬೇಗ ಮುಚ್ಚಿತು, ಕಲೆಯೇ ಇಲ್ಲ. ಆಮೇಲೆ ತುದಿಯಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಮೊಗ್ಗು. ಅದು ಚಪ್ಪಟೆಯಾಗಿ ದೋಣಿಯ ಹುಟ್ಟಿನ ತುದಿಯ ಹಾಗೆ ಆಯಿತು. ಒಂದು ದಿನ ದೀಪಕ್ಕೆ ಹಿಡಿದು ನೋಡಿದರೆ ಒಳಗೆ ಎರಡು ಬೆರಳಿನ ನೆರಳು. ಆಮೇಲೆ ಮೂರನೆಯದು, ಕೊನೆಗೆ ನಾಲ್ಕನೆಯದು. ಮುಂಗಾಲಿಗೆ ನಾಲ್ಕೇ ಬೆರಳು, ಹಿಂಗಾಲಿಗೆ ಐದು. ಒಂದೂ ಹೆಚ್ಚಲ್ಲ, ಒಂದೂ ಕಡಿಮೆ ಅಲ್ಲ. ನಾನು ಎಣಿಸಿದೆ, ಮತ್ತೆ ಎಣಿಸಿದೆ. ಕಾಲು ಮಾತ್ರ ಅಲ್ಲ, ಬೆನ್ನುಹುರಿ, ಹೃದಯ, ಮಿದುಳಿನ ಭಾಗಗಳನ್ನೂ ಇದು ಮತ್ತೆ ಬೆಳೆಸಿಕೊಳ್ಳುತ್ತದೆ. ಅದಕ್ಕೇ ಎಲ್ಲ ಲ್ಯಾಬುಗಳಿಗೂ ಬೇಕು. ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, 2018ರಲ್ಲಿ ಓದಿ ಮುಗಿಯಿತು. ಸುಮಾರು 3200 ಕೋಟಿ ಅಕ್ಷರಗಳು, ಮನುಷ್ಯನದರ ಹತ್ತು ಪಟ್ಟು.

ಈಗ ನಿಮ್ಮ ಪ್ರಶ್ನೆಗೆ. ತೊಟ್ಟಿಯಲ್ಲಿರುವುದು ಕೆರೆಯಲ್ಲಿರುವುದಕ್ಕೆ ಲೆಕ್ಕ ಆಗುವುದಿಲ್ಲ. ಲ್ಯಾಬಿನ ಎಷ್ಟೋ ಆಕ್ಸೊಲಾಟಲ್‌ಗಳ ಬೇರು ಮೇಷ್ಟ್ರು ಹೇಳಿದ ಆ ಪ್ಯಾರಿಸ್ ಗುಂಪಿಗೇ ಹೋಗುತ್ತದೆ. ನೂರೈವತ್ತು ವರ್ಷಕ್ಕೂ ಮೇಲೆ ಹತ್ತಿರದ ಬಂಧುಗಳೊಳಗೇ ಸಂತಾನ. ನಡುವೆ ಟೈಗರ್ ಸಾಲಮಾಂಡರ್ ಎಂಬ ಬೇರೆ ಪ್ರಭೇದದ ರಕ್ತವೂ ಸೇರಿದೆ. ಅವನ್ನು ತಂದು ಕಾಲುವೆಗೆ ಸುರಿದರೆ ಆಕ್ಸೊಲಾಟಲ್ ಉಳಿಯಿತು ಎಂದು ಹೇಳಲಾಗದು. ರೋಗ ಹೋಗಬಹುದು, ಕಾಡಿನದರ ತಳಿ ಕೆಡಬಹುದು.

ಕಾಡಿನವು ಎಷ್ಟಿವೆ? ಅದು ಸಹಜವಾಗಿ ಇರುವುದು ಮೆಕ್ಸಿಕೊ ನಗರದ ದಕ್ಷಿಣ ಅಂಚಿನ ಸೊಚಿಮಿಲ್ಕೊ ಎಂಬ ಒಂದೇ ಕಡೆ. ಪಕ್ಕದ ಚಾಲ್ಕೊ ಸರೋವರವನ್ನು ಬತ್ತಿಸಿಬಿಟ್ಟರು. ಸೊಚಿಮಿಲ್ಕೊದಲ್ಲಿ 1998ರಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6000 ಸಿಕ್ಕಿದ್ದವು. 2008ಕ್ಕೆ 100. 2014ಕ್ಕೆ 36.

ನಾನು ಆ ಅಂಕಿ ಮೊದಲು ಓದಿದ ದಿನ ನನ್ನ ಮುಂದಿನ ಕಪಾಟಿನಲ್ಲೇ ನಲವತ್ತು ತೊಟ್ಟಿಗಳಿದ್ದವು.

ಹೊಂಗೆನೆರಳು:
ನೀರ್ಗುಳ್ಳೆ, ನಿಮ್ಮ ಕೊನೆಯ ಸಾಲನ್ನು ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು, "ಹತ್ತೇ ವರ್ಷದಲ್ಲಿ ಆರು ಸಾವಿರದಿಂದ ನೂರಕ್ಕೆ ಯಾಕೆ ಬಂತು? ಯಾರಾದರೂ ಹಿಡಿದರಾ?"

ನೀರ್ಗುಳ್ಳೆ:
ಹಿಂದೆ ತಿನ್ನಲು ಹಿಡಿಯುತ್ತಿದ್ದರು, ನಿಜ. ಆದರೆ ಈ ಕುಸಿತದಲ್ಲಿ ಬಲೆಗಿಂತ ದೊಡ್ಡ ಪಾಲು ನೀರಿನದು, ಮೀನಿನದು.

ಆ ಜಾಗ ಹೇಗಿದೆ ಎಂದು ಮೊದಲು ಹೇಳುತ್ತೇನೆ. ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರ, ಹಾಗಾಗಿ ನೀರು ತಂಪು. ಆಳವಿಲ್ಲದ ಸರೋವರದಲ್ಲಿ ಕೆಸರು, ಗಿಡಗಂಟಿ ಪೇರಿಸಿ ಉದ್ದುದ್ದ ಹೊಲದ ಪಟ್ಟಿಗಳನ್ನು ಮಾಡಿದ್ದಾರೆ. ಚಿನಾಂಪ ಎಂದು ಹೆಸರು. ಅಸ್ಟೆಕ್ ಕಾಲಕ್ಕೂ ಹಳೆಯ ಪದ್ಧತಿ. ಪಟ್ಟಿಗಳ ನಡುವೆ ಕಾಲುವೆ, ಕಾಲುವೆಯಲ್ಲಿ ಆಕ್ಸೊಲಾಟಲ್. ಅಂದರೆ ಇದು ಮನುಷ್ಯರ ಕೃಷಿಯ ಜೊತೆಗೇ ಬದುಕಿಕೊಂಡು ಬಂದ ಪ್ರಾಣಿ. 1987ರಲ್ಲಿ ಯುನೆಸ್ಕೊ ಸೊಚಿಮಿಲ್ಕೊವನ್ನು ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿತು.

ಆ ಕಾಲುವೆಗಳಲ್ಲಿ ಇದೇ ದೊಡ್ಡ ಬೇಟೆಗಾರ ಆಗಿತ್ತು. ಹುಳ, ಕೀಟ, ಸಣ್ಣ ಮೀನು ಏನು ಎದುರಾದರೂ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಜನರಿಗೆ ಮೀನು ಸಿಗಲಿ ಎಂದು ಕಾರ್ಪ್, ತಿಲಾಪಿಯಾ ತಂದು ಬಿಟ್ಟರು. ತಿಲಾಪಿಯಾ ಅಂದರೆ ಜಿಲೇಬಿ ಮೀನು. ಆಕ್ಸೊಲಾಟಲ್ ಮೊಟ್ಟೆಗಳನ್ನು ನೀರಿನ ಗಿಡಕ್ಕೆ ಅಂಟಿಸುತ್ತದೆ. ಆ ಮೊಟ್ಟೆ, ಮರಿ ಎರಡೂ ಈ ಮೀನುಗಳ ಬಾಯಿಗೆ. ದೊಡ್ಡವಕ್ಕೆ ಊಟದಲ್ಲಿ ಪೈಪೋಟಿ. ಮೇಲಿಂದ ನಗರದ ಕೊಳಚೆ, ಹೊಲದ ಕೀಟನಾಶಕ. ಮೀನು ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು, ಅದಕ್ಕೇ ಜಾಸ್ತಿ ಸಂಕಟ ಆಗುತ್ತದೆ.

ಬೆಳ್ಳಿಚುಕ್ಕಿ:
ಈಗ ಕರಡಿಯ ನೆಲೆ ನೋಡಿ. ಎಷ್ಟು ಉಲ್ಟಾ! ಆಕ್ಸೊಲಾಟಲ್‌ಗೆ ಒಂದು ಊರಿನ ಅಂಚು. ಕರಡಿಗೆ ಉತ್ತರ ಧ್ರುವದ ಸುತ್ತ ಐದು ದೇಶ: ಕೆನಡಾ, ಅಮೆರಿಕದ ಅಲಾಸ್ಕ, ರಷ್ಯಾ, ನಾರ್ವೆಯ ಸ್ವಾಲ್‌ಬಾರ್ಡ್, ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್. ಪೆಂಗ್ವಿನ್ ಜೊತೆ ಮಾತ್ರ ಚಿತ್ರ ಬರೆಯಬೇಡ ಎಂದು ಮಗಳಿಗೆ ಹೇಳಿ. ಪೆಂಗ್ವಿನ್‌ಗಳು ದಕ್ಷಿಣದವು, ಎರಡೂ ಒಂದನ್ನೊಂದು ನೋಡಿಯೇ ಇಲ್ಲ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ನೆಲೆ ಎಂಬಲ್ಲಿ "ಹಿಮ ಪ್ರದೇಶ" ಎಂದು ಬರೆದುಬಿಡುತ್ತಾರೆ. ಕರಡಿಗೆ ಬೇಕಾದದ್ದು ನೆಲದ ಮೇಲಿನ ಹಿಮ ಅಲ್ಲ, ಕಡಲಿನ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆ. ಅದರ ಊಟ ಸೀಲ್. ಸೀಲ್ ನೀರಿನೊಳಗಿನ ಪ್ರಾಣಿಯಾದರೂ ಉಸಿರಾಡಲು ಮೇಲೆ ಬರಲೇಬೇಕು, ಅದಕ್ಕಾಗಿ ಮಂಜುಗಡ್ಡೆಯಲ್ಲಿ ಕಿಂಡಿ ಇಟ್ಟುಕೊಂಡಿರುತ್ತದೆ. ಕರಡಿ ವಾಸನೆ ಹಿಡಿದು ಆ ಕಿಂಡಿಯ ಪಕ್ಕ ಬಂದು ಕೂರುತ್ತದೆ. ಅಲ್ಲಾಡುವುದಿಲ್ಲ. ಒಂದೊಂದು ಸಲ ಗಂಟೆಗಟ್ಟಲೆ. ಸೀಲ್‌ನ ಮೂಗು ಮೇಲೆ ಬಂದ ಕ್ಷಣ ಪಂಜ ಬೀಸಿ, ಹಲ್ಲಲ್ಲಿ ಕಚ್ಚಿ, ಇಡೀ ಸೀಲ್ ಅನ್ನು ಕಿಂಡಿಯಿಂದ ಹೊರಗೆ ಎಳೆಯುತ್ತದೆ. ಮೊದಲು ತಿನ್ನುವುದು ಕೊಬ್ಬು. ಮಂಜುಗಡ್ಡೆ ಇಲ್ಲದ ತೆರೆದ ನೀರಿನಲ್ಲಿ ಈಜುವ ಸೀಲ್ ಅನ್ನು ಅಟ್ಟಿ ಹಿಡಿಯುವುದು ಅದಕ್ಕೆ ಬಹಳ ಕಷ್ಟ. ಮಂಜುಗಡ್ಡೆ ಇಲ್ಲ ಅಂದರೆ ಕೂರುವುದಕ್ಕೆ ಜಾಗವೇ ಇಲ್ಲ, ಊಟವೂ ಇಲ್ಲ.

ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಬೇಸಿಗೆಯಲ್ಲಿ ಮಂಜುಗಡ್ಡೆ ಪೂರ್ತಿ ಕರಗುತ್ತದೆ. ಕರಡಿಗಳು ದಡಕ್ಕೆ ಬಂದು ಮತ್ತೆ ನೀರು ಹೆಪ್ಪುಗಟ್ಟುವವರೆಗೆ ಮೈಯ ಕೊಬ್ಬಿನ ಮೇಲೇ ದಿನ ತಳ್ಳುತ್ತವೆ. ಆ ಉಪವಾಸದ ದಿನಗಳು 1980ರ ದಶಕಕ್ಕಿಂತ ಈಗ ಮೂರು ನಾಲ್ಕು ವಾರ ಜಾಸ್ತಿಯಾಗಿವೆ. ಕೊಲ್ಲಿಯ ಪಶ್ಚಿಮ ಭಾಗದಲ್ಲಿ 2016ರ ಅಂದಾಜು 842 ಕರಡಿ. 2021ರಲ್ಲಿ 618.

ಕಾಡುಹಾದಿ:
ಒಪ್ಪಿದೆ. ಆದರೆ ಅದು ಒಂದು ಗುಂಪು. ಇಂಥ ಸುಮಾರು 20 ಗುಂಪುಗಳಿವೆ ಎಂದು ಓದಿದ್ದೆ. ಕೆಲವು ಕಡೆ ಜಾಸ್ತಿಯಾಗಿರುವುದೂ ಸುಳ್ಳಲ್ಲವಲ್ಲ?

ಬೆಳ್ಳಿಚುಕ್ಕಿ:
ಸುಳ್ಳಲ್ಲ ಅಣ್ಣ. ಅದನ್ನು ಮುಚ್ಚಿಡಬಾರದು. ಹಿಂದೆ ಮಿತಿಮೀರಿ ಬೇಟೆ ನಡೆಯುತ್ತಿತ್ತು. 1973ರಲ್ಲಿ ಐದು ದೇಶಗಳೂ ಓಸ್ಲೊದಲ್ಲಿ ಒಪ್ಪಂದ ಮಾಡಿಕೊಂಡವು. ಶೀತಲ ಸಮರದ ಕಾಲ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಒಂದು ಕರಡಿಗಾಗಿ! ಬೇಟೆಗೆ ಕಡಿವಾಣ ಬಿತ್ತು, ಹಲವು ಕಡೆ ಚೇತರಿಸಿಕೊಂಡವು. ಆ ಕೆಲಸ ಗೆದ್ದಿತು. ಆದರೆ ಬಂದೂಕಿನಿಂದ ಬರುವ ಸಾವಿಗೆ ಬರೆದ ಒಪ್ಪಂದ ಮಂಜುಗಡ್ಡೆ ಕರಗುವುದನ್ನು ತಡೆಯಲಾರದು. ಹಳೆಯ ಅಪಾಯ ಇಳಿಯಿತು, ಹೊಸದು ಬಂತು.

ಜೀವಶಾಸ್ತ್ರದ ಮೇಷ್ಟ್ರು:
ಈಗ ಕೆಂಪು ಪ್ರಶ್ನೆ ಚಿಹ್ನೆಗೆ ಬರೋಣ. ಟೀಚರ್ ಅದನ್ನು ಸುಮ್ನೆ ಹಾಕಿಲ್ಲ.

ಕನ್ನಡ ಪತ್ರಿಕೆಗಳಲ್ಲಿ ಎಲ್ಲದಕ್ಕೂ "ಅಳಿವಿನಂಚಿನಲ್ಲಿರುವ" ಎಂದೇ ಬರೆಯುತ್ತೇವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ತಯಾರಿಸುವ ಕೆಂಪು ಪಟ್ಟಿಯಲ್ಲಿ ಆ ಒಂದು ಮಾತಿನ ಜಾಗದಲ್ಲಿ ಮೂರು ಮೆಟ್ಟಿಲುಗಳಿವೆ. ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ನಾನು ಮಕ್ಕಳಿಗೆ ಅಪಾಯದತ್ತ, ಅಪಾಯದಲ್ಲಿ, ತೀವ್ರ ಅಪಾಯದಲ್ಲಿ ಎಂದು ಬರೆಸುತ್ತಿದ್ದೆ. ಹಿಮಕರಡಿ ಮೊದಲ ಮೆಟ್ಟಿಲಲ್ಲಿದೆ. ಆಕ್ಸೊಲಾಟಲ್ ಮೂರನೆಯದರಲ್ಲಿ. ಅದರ ಮುಂದಿನದು "ಕಾಡಿನಲ್ಲಿ ಅಳಿದಿದೆ", ಅದರ ಮುಂದೆ "ಅಳಿದಿದೆ".

ಕಾಡುಹಾದಿಯವರ ಪ್ರಶ್ನೆ ಬಹಳ ಮುಖ್ಯ. ಆ ಪಟ್ಟಿ ತಲೆ ಎಣಿಸಿ ಇಷ್ಟಿದ್ದರೆ ಇದು, ಅಷ್ಟಿದ್ದರೆ ಅದು ಎಂದಷ್ಟೇ ಹೇಳುವುದಿಲ್ಲ. ಐದು ಬಗೆಯ ಅಳತೆಗಳಿವೆ, ಯಾವುದಾದರೂ ಒಂದು ಮುಟ್ಟಿದರೆ ಸಾಕು. ಆಕ್ಸೊಲಾಟಲ್ ಸಿಕ್ಕಿಬಿದ್ದಿದ್ದು ಜಾಗದ ಅಳತೆಯಲ್ಲಿ: ವಾಸವಿರುವ ನೀರು 10 ಚದರ ಕಿಲೋಮೀಟರಿಗಿಂತ ಕಡಿಮೆ, ಅದೂ ತುಂಡು ತುಂಡು, ಇನ್ನೂ ಕೆಡುತ್ತಲೇ ಇದೆ. ಕಾಡಿನಲ್ಲಿ ಉಳಿದಿರುವ ಪ್ರಾಯದ ಪ್ರಾಣಿಗಳು 50ರಿಂದ 1000ದ ಒಳಗೆ ಎಂಬ ಅಂದಾಜು. ಹಿಮಕರಡಿಗೆ ಬಳಸಿದ್ದು ಮುಂದಿನ ಕಾಲದ ಅಳತೆ. ಮುಂದಿನ ಮೂರು ತಲೆಮಾರಿನಲ್ಲಿ, ಅಂದರೆ ಸುಮಾರು 35ರಿಂದ 41 ವರ್ಷಗಳಲ್ಲಿ, ಶೇ 30ಕ್ಕಿಂತ ಹೆಚ್ಚು ಕಡಿಮೆಯಾಗುವ ಸಂಭವ ಬಲವಾಗಿದೆಯೇ ಎಂದು ನೋಡಿದರು. ಮಂಜುಗಡ್ಡೆಯ ಲೆಕ್ಕ ಹಾಕಿದಾಗ ಹೌದು ಎಂದು ಬಂತು. ಅದು 2015ರ ಮೌಲ್ಯಮಾಪನ.

ಒಂದರ ಸ್ಥಿತಿ ಈಗಾಗಲೇ ಆಗಿಹೋದದ್ದನ್ನು ಹೇಳುತ್ತದೆ, ಇನ್ನೊಂದರದು ಬರಲಿರುವುದನ್ನು. 26 ಸಾವಿರ ಇರುವುದೂ ನಿಜ, ಅಪಾಯವೂ ನಿಜ. ನಾನೇ ಎಷ್ಟೋ ವರ್ಷ ತರಗತಿಯಲ್ಲಿ "ಕಡಿಮೆ ಇದ್ದರೆ ಅಪಾಯ" ಎಂದಷ್ಟೇ ಹೇಳಿಕೊಟ್ಟಿದ್ದೇನೆ. ಅದು ಅರ್ಧ ಪಾಠ.

ಕಾಡುಹಾದಿ:
ಮೇಷ್ಟ್ರೇ, ಈಗ ಅರ್ಥವಾಯಿತು. ನಾನು ಇಷ್ಟು ದಿನ ತಲೆ ಎಣಿಕೆಯನ್ನೇ ಹಿಡಿದುಕೊಂಡು ವಾದ ಮಾಡುತ್ತಿದ್ದೆ. ಧನ್ಯವಾದ.

ಹಾಗಿದ್ದರೆ ಸೈಟಿಸ್? ಎರಡೂ ಒಂದೇ ಅನುಬಂಧದಲ್ಲಿ ಹೇಗೆ?

ಬೆಳ್ಳಿಚುಕ್ಕಿ:
ಸೈಟಿಸ್ ನೋಡುವುದು ದೇಶದಿಂದ ದೇಶಕ್ಕೆ ಆಗುವ ವ್ಯಾಪಾರವನ್ನು. ಪ್ರಾಣಿ ಎಷ್ಟು ಅಪಾಯದಲ್ಲಿದೆ ಎನ್ನುವುದರ ಪೂರ್ತಿ ಅಳತೆ ಅದಲ್ಲ. ಮೊದಲ ಅನುಬಂಧದಲ್ಲಿದ್ದರೆ ಕಾಡಿನಿಂದ ತಂದು ಹಣಕ್ಕೆ ಮಾರುವುದು ಹೆಚ್ಚುಕಡಿಮೆ ನಿಷೇಧ. ಎರಡನೆಯದರಲ್ಲಿದ್ದರೆ ಪರವಾನಗಿ ಬೇಕು, ಲೆಕ್ಕ ಇಡಬೇಕು. ಹಿಮಕರಡಿಯನ್ನು ಮೊದಲ ಅನುಬಂಧಕ್ಕೆ ಏರಿಸಬೇಕು ಎಂದು 2010ರಲ್ಲಿ ದೋಹಾದಲ್ಲಿ, 2013ರಲ್ಲಿ ಬ್ಯಾಂಕಾಕ್‌ನಲ್ಲಿ ಪ್ರಸ್ತಾಪ ಬಂತು, ಎರಡು ಸಲವೂ ಬಿದ್ದುಹೋಯಿತು. ಮುಖ್ಯ ಅಪಾಯ ಚರ್ಮದ ವ್ಯಾಪಾರದಿಂದ ಬರುತ್ತಿಲ್ಲ ಎನ್ನುವುದು ವಿರೋಧಿಸಿದವರ ವಾದ. ಕೆನಡಾದಲ್ಲಿ ಉತ್ತರದ ಮೂಲನಿವಾಸಿಗಳಾದ ಇನುಯಿಟ್ ಜನರ ಬೇಟೆಯ ಹಕ್ಕಿನ ಪ್ರಶ್ನೆಯೂ ಇತ್ತು. ಆಕ್ಸೊಲಾಟಲ್‌ನಲ್ಲೂ ಹಾಗೆಯೇ, ಮಾರಾಟ ಆಗುವುದು ಬಹುತೇಕ ತೊಟ್ಟಿಯಲ್ಲಿ ಹುಟ್ಟಿದ್ದು. ಹಾಗಾಗಿ ಒಂದೇ ಅನುಬಂಧ ಎಂದರೆ ಅಪಾಯ ಸಮ ಎಂದು ಅರ್ಥ ಅಲ್ಲ.

ನೀರ್ಗುಳ್ಳೆ:
ಪರಿಹಾರದ ಬಗ್ಗೆಯೂ ಒಂದು ಮಾತು ಸೇರಿಸಲಿ ಅಂತ ನನ್ನ ಆಸೆ. ಸೊಚಿಮಿಲ್ಕೊದಲ್ಲಿ ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ತಂಡ ರೈತರ ಜೊತೆ ಸೇರಿ ಕೆಲವು ಕಾಲುವೆಗಳ ಬಾಯಿಗೆ ಸೋಸುವ ತಡೆ ಕಟ್ಟಿದೆ. ನೀರು ಒಳಗೆ ಬರುತ್ತದೆ, ಕಾರ್ಪ್ ಮತ್ತು ತಿಲಾಪಿಯಾ ಬರುವುದಿಲ್ಲ. ಪಕ್ಕದ ಹೊಲದವರು ಕೀಟನಾಶಕ ಬಿಡುತ್ತಾರೆ. ಸಾಕಿದ 18 ಆಕ್ಸೊಲಾಟಲ್‌ಗಳಿಗೆ ಎಲ್ಲಿವೆ ಎಂದು ತಿಳಿಯಲು ರೇಡಿಯೊ ಸಾಧನ ಅಳವಡಿಸಿ, ಸರಿಪಡಿಸಿದ ಕಾಲುವೆಯಲ್ಲೂ ಒಂದು ಕೃತಕ ಜೌಗಿನಲ್ಲೂ ಬಿಟ್ಟಿದ್ದರು. ಅವು ಬದುಕಿದವು, ಮತ್ತೆ ಹಿಡಿದು ತೂಗಿದವು ದಪ್ಪವೂ ಆಗಿದ್ದವು. ಈ ವರದಿ ಬಂದಿದ್ದು 2025ರಲ್ಲಿ. ತೊಟ್ಟಿಯಲ್ಲಿ ಹುಟ್ಟಿ, ಕೈಯಿಂದ ಊಟ ತಿಂದು ಬೆಳೆದದ್ದು ಹೊರಗೆ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಂಡಿತು ಅಂದರೆ ನನಗೆ ಕಣ್ಣು ತುಂಬಿ ಬಂತು. ಸಿಕ್ಕಸಿಕ್ಕದ್ದನ್ನು ಸುರಿಯಬಾರದು ಎಂದು ಮೇಲೆ ಹೇಳಿದೆನಲ್ಲ, ಇವರು ಹಾಗೆ ಮಾಡಲಿಲ್ಲ. ಮೊದಲು ನೀರು ಸರಿಮಾಡಿದರು, ಆಮೇಲೆ ಬಿಟ್ಟರು.

ಕರಡಿಗೆ ಇಂಥ ತಡೆ ಕಟ್ಟಿಕೊಡಲು ಆಗುವುದಿಲ್ಲ. ಹತ್ತು ಚದರ ಕಿಲೋಮೀಟರ್ ನೀರನ್ನು ಒಂದು ಊರಿನವರು ಮನಸ್ಸು ಮಾಡಿ ಸರಿಪಡಿಸಬಹುದು. ಕಡಲಿನ ಮಂಜುಗಡ್ಡೆ ಕರಗುತ್ತಿರುವುದು ಭೂಮಿ ಬಿಸಿಯಾಗುತ್ತಿರುವುದರಿಂದ, ಅದು ಪ್ರಪಂಚದ ಎಲ್ಲ ಚಿಮಣಿಗಳ ಲೆಕ್ಕ. ಯಾವುದು ಜಾಸ್ತಿ ಅಪಾಯದಲ್ಲಿದೆ ಎಂದರೆ ಪಟ್ಟಿಯ ಪ್ರಕಾರ ಆಕ್ಸೊಲಾಟಲ್. ಯಾವುದನ್ನು ಉಳಿಸುವುದು ಜಾಸ್ತಿ ಕಷ್ಟ ಎಂದರೆ ನನಗೆ ಕರಡಿ ಅನ್ನಿಸುತ್ತದೆ.

ಜೀವಶಾಸ್ತ್ರದ ಮೇಷ್ಟ್ರು:
ಇದನ್ನು ಮಗು ತನ್ನದೇ ಮಾತಿನಲ್ಲಿ ಬರೆಯಲಿ. ಟೀಚರ್ ಖಂಡಿತ ಖುಷಿಪಡುತ್ತಾರೆ.

ಹೊಂಗೆನೆರಳು:
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹಳೆಯ ಸಾಲನ್ನು ಹೊಡೆದು ಹಾಕಿದ್ದಾಳೆ. ಈಗ "ಎಷ್ಟನೇ ಮೆಟ್ಟಿಲು", "ಯಾಕೆ ಆ ಮೆಟ್ಟಿಲು", "ಯಾರು ಸರಿಮಾಡಬಹುದು" ಎಂದು ಮೂರು ಸಾಲು ಎಳೆದಿದ್ದಾಳೆ. ಹಾಳೆ ಸಾಲದೆ ಇನ್ನೊಂದು ಅಂಟಿಸಿದೆವು. ಪ್ಯಾರಿಸ್ ಕಥೆ ಅವಳಿಗೆ ತುಂಬಾ ಹಿಡಿಸಿದೆ, ಅದಕ್ಕೇ ಅರ್ಧ ಪುಟ.

ಕೊನೆಯದಾಗಿ ಅವಳ ಒಂದು ಪ್ರಶ್ನೆ. ಚಿತ್ರ ಬರೆದಾಗಿದೆ, ಬಣ್ಣ ತುಂಬಬೇಕು. ಆಕ್ಸೊಲಾಟಲ್‌ಗೆ ಗುಲಾಬಿ ಬಣ್ಣ ಸರಿಯಾ? ಆಟದಲ್ಲಿ, ಅಂತರ್ಜಾಲದ ಚಿತ್ರಗಳಲ್ಲಿ ಎಲ್ಲ ಹಾಗೇ ಇದೆ.

ನೀರ್ಗುಳ್ಳೆ:
ಗುಲಾಬಿ, ಬಿಳಿ ಎಲ್ಲ ತೊಟ್ಟಿಯಲ್ಲಿ ಬೆಳೆದವು. ಸೊಚಿಮಿಲ್ಕೊದ್ದನ್ನು ಬರೆಯುವುದಾದರೆ ಗಾಢ ಕಂದು, ಅದರ ಮೇಲೆ ಸ್ವಲ್ಪ ಹಸಿರು ಉಜ್ಜಿ, ಕಪ್ಪು ಚುಕ್ಕೆ ಇಡಲಿ. ಕಾಲುವೆಯ ಕೆಸರಿನ ಮೇಲೆ ಕೂತರೆ ಕಾಣಲೇಬಾರದು, ಅಂಥ ಬಣ್ಣ. ಕರಡಿಗೂ ಮೂಗು ಮಾತ್ರ ಕಪ್ಪು ಅಂದುಕೊಳ್ಳುವುದು ಬೇಡ. ಆ ಬಿಳಿ ಕೂದಲಿನ ಕೆಳಗೆ ಅದರ ಚರ್ಮವೂ ಕಪ್ಪೇ.

ಹೊಂಗೆನೆರಳು:
ಕಂದು ಪೆನ್ಸಿಲ್ ಚೂಪು ಮಾಡುತ್ತಿದ್ದಾಳೆ.